ಟಿಮ್ ಡಂಕನ್ ಚೆಂಡನ್ನು ಬೋರ್ಡಿಗೇ ಯಾಕೆ ಬಡಿಯುತ್ತಿದ್ದರು?

ಪ್ರಶ್ನೆ: ನಾನು ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವವನು. ಮಗಳಿಗೆ 14 ವರ್ಷ, ಒಂಬತ್ತನೇ ತರಗತಿ. ಎತ್ತರ ಈಗಲೇ 5 ಅಡಿ 9 ಇಂಚು. ಮೊದಲು ಖೋ ಖೋ ಆಡುತ್ತಿದ್ದಳು. ಪಿ.ಟಿ. ಸರ್ ಹೇಳಿದರು ಅಂತ ಈ ವರ್ಷ ಬಾಸ್ಕೆಟ್‌ಬಾಲ್ ಶುರು ಮಾಡಿದ್ದಾಳೆ. ರಾತ್ರಿ ಊಟ ಆದ ಮೇಲೆ ಮೊಬೈಲ್‌ನಲ್ಲಿ ಟಿಮ್ ಡಂಕನ್ ಅನ್ನೋ ಹಳೇ ಆಟಗಾರನ ವಿಡಿಯೊ ನೋಡ್ತಾಳೆ. ನಾನೂ ಪಕ್ಕದಲ್ಲಿ ಕೂತು ನೋಡಿದೆ. ಹಾರೋದಿಲ್ಲ, ಕೂಗೋದಿಲ್ಲ. ಚೆಂಡನ್ನ ಬೋರ್ಡಿಗೆ ಬಡಿದು ಹಾಕ್ತಾನೆ, ಸುಮ್ನೆ ವಾಪಸ್ ಓಡ್ತಾನೆ. ಇವನಲ್ಲಿ ಏನಿದೆ ಸರ್? ಅಷ್ಟು ದೊಡ್ಡ ಆಟಗಾರ ಅಂದ್ರೆ ಜೋರ್ಡನ್, ಕೋಬಿ ಥರ ಹೆಸರು ಯಾಕೆ ಕೇಳಿಲ್ಲ? ಇವನೂ 14ಕ್ಕೇ ಶುರು ಮಾಡಿದ್ದು ಅಂತಾಳೆ ಮಗಳು, ನಿಜಾನಾ? ಮನೆಯಲ್ಲಿ ಎಲ್ಲರೂ ತಡ ಆಯ್ತು, ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಆಟ ಬಿಡಿಸು ಅಂತಿದ್ದಾರೆ.

ಉತ್ತರ: ಮಗಳು ಹೇಳಿದ್ದು ನಿಜ. ಡಂಕನ್ ಬಾಸ್ಕೆಟ್‌ಬಾಲ್ ಮನಸ್ಸಿಟ್ಟು ಆಡಲು ಶುರು ಮಾಡಿದ್ದು ಒಂಬತ್ತನೇ ತರಗತಿಯಲ್ಲೇ. ಆದರೆ ಅಷ್ಟಕ್ಕೇ ನಮ್ಮ ಹುಡುಗಿಯೂ ಹಾಗೇ ಆಗ್ತಾಳೆ ಅಂತ ಲೆಕ್ಕ ಮುಗಿಸಬೇಡಿ. ಆ ಲೆಕ್ಕಕ್ಕೆ ಇನ್ನೂ ಒಂದೆರಡು ಬಾಬತ್ತು ಸೇರಬೇಕು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ‘ಇವನಲ್ಲಿ ಏನಿದೆ’ ಅಂದಿರಲ್ಲ, ಅದು. ನನಗೆ ಸಿಟ್ಟು ಬರಲಿಲ್ಲ, ನಗು ಬಂತು. ಯಾಕಂದ್ರೆ ಒಂದು ಕಾಲಕ್ಕೆ ನಾನೂ ಅದನ್ನೇ ಅಂದವನು. 2003ರ ಜೂನ್ 16, ಸೋಮವಾರ. ಆಗ ನಾನು ಇಲ್ಲೇ ಒಂದು ಶಾಲೆಯಲ್ಲಿ ಪಿ.ಟಿ. ಮಾಸ್ತರ. ಎನ್‌ಬಿಎ ಅಂದರೆ ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್. ಅದರ ಫೈನಲ್‌ನಲ್ಲಿ ಮೊದಲು ನಾಲ್ಕು ಪಂದ್ಯ ಗೆದ್ದವರಿಗೆ ಕಪ್. ಅವತ್ತು ಆರನೇ ಪಂದ್ಯ. ಅಮೆರಿಕದ ರಾತ್ರಿ ಅಂದರೆ ನಮಗೆ ಬೆಳಗು. ಸ್ನಾನ ಮುಂದಕ್ಕೆ ಹಾಕಿ, ಚಹಾ ಹಿಡಿದು ಟಿವಿ ಮುಂದೆ ಕೂತಿದ್ದೆ. ಸ್ಯಾನ್ ಆಂಟೋನಿಯೊ ಸ್ಪರ್ಸ್ ಒಂದು ಕಡೆ, ನ್ಯೂಜೆರ್ಸಿ ನೆಟ್ಸ್ ಇನ್ನೊಂದು ಕಡೆ. ಕೊನೆಯ ಕ್ವಾರ್ಟರ್‌ನಲ್ಲಿ ಹಿಂದೆ ಬಿದ್ದಿದ್ದ ಸ್ಪರ್ಸ್ ಒಂದೇ ಸಮನೆ 19 ಅಂಕ ಹೊಡೆದು ಪಂದ್ಯ ಕಿತ್ತುಕೊಂಡಿತು. ದೂರದಿಂದ ಮೂರು ಅಂಕದ ಶಾಟ್ ಹೊಡೆದವರನ್ನು ನೋಡಿ ನಾನು ಕುಣಿದೆ. ಡಂಕನ್ ಅಲ್ಲೇ ಎಲ್ಲೋ ಇದ್ದರು, ಅಷ್ಟೇ.

ಪಂದ್ಯ ಮುಗಿದ ಮೇಲೆ ಪರದೆ ಮೇಲೆ ಅಂಕಿ ಬಂತು. ಡಂಕನ್: 21 ಅಂಕ, 20 ರಿಬೌಂಡ್, 10 ಅಸಿಸ್ಟ್, 8 ಬ್ಲಾಕ್. ಆಟ ಗೊತ್ತಿಲ್ಲದವರಿಗೆ ಹೇಳುವುದಾದರೆ, ಬುಟ್ಟಿಗೆ ಬೀಳದ ಚೆಂಡನ್ನು 20 ಸಲ ಹಿಡಿದರು. 10 ಸಲ ಇನ್ನೊಬ್ಬರ ಕೈಗೆ ಕೊಟ್ಟು ಅಂಕ ಮಾಡಿಸಿದರು. ಎದುರಾಳಿಯ 8 ಶಾಟ್ ತಡೆದರು. ಇನ್ನೆರಡು ಬ್ಲಾಕ್ ಬಿದ್ದಿದ್ದರೆ ನಾಲ್ಕೂ ಕಡೆ ಎರಡಂಕಿ ಆಗುತ್ತಿತ್ತು. ಫೈನಲ್‌ನಲ್ಲಿ ಅದನ್ನು ಯಾರೂ ಮಾಡಿಲ್ಲ. ನಾನು ಚಹಾ ಲೋಟ ಕೆಳಗಿಟ್ಟೆ. ಈ ಮನುಷ್ಯ ಇದನ್ನೆಲ್ಲ ಯಾವಾಗ ಮಾಡಿದ? ಕಣ್ಣು ಬಿಟ್ಟುಕೊಂಡೇ ಕೂತಿದ್ದೆನಲ್ಲ!

ಅಲ್ಲಿಂದ ಮುಂದೆ ನಾನು ಚೆಂಡು ನೋಡುವುದು ಬಿಟ್ಟು ಡಂಕನ್ ಕಾಲು ನೋಡಲು ಶುರು ಮಾಡಿದೆ. ನೀವೂ ಒಂದು ಸಲ ಹಾಗೆ ನೋಡಿ.

ಇನ್ನು ಹುಟ್ಟಿದ್ದು, ಬೆಳೆದದ್ದು. 1976ರ ಏಪ್ರಿಲ್ 25, ಕೆರಿಬಿಯನ್ ಸಮುದ್ರದ ಸೇಂಟ್ ಕ್ರೋಯಿ ಅನ್ನೋ ದ್ವೀಪ. ಅಮೆರಿಕಕ್ಕೆ ಸೇರಿದ ವರ್ಜಿನ್ ದ್ವೀಪಗಳಲ್ಲಿ ಅದೂ ಒಂದು. ಸುಮಾರು 215 ಚದರ ಕಿಲೋಮೀಟರ್. ನಮ್ಮ ಕಲಬುರಗಿ ಜಿಲ್ಲೆಯ ಐವತ್ತರಲ್ಲಿ ಒಂದು ಪಾಲು ಅನ್ನಿ. ತಂದೆ ಗೌಂಡಿ, ತಾಯಿ ಸೂಲಗಿತ್ತಿ. ಇಬ್ಬರು ಅಕ್ಕಂದಿರು, ಇಬ್ಬರೂ ಈಜುಗಾರ್ತಿಯರು. ಅವರಲ್ಲಿ ಟ್ರಿಷಾ 1988ರ ಸೋಲ್ ಒಲಿಂಪಿಕ್ಸ್‌ಗೇ ಹೋಗಿ ಬಂದವಳು. ತಮ್ಮನೂ ನೀರಿಗಿಳಿದ. 400 ಮೀಟರ್ ಫ್ರೀಸ್ಟೈಲ್ ಅವನ ಸ್ಪರ್ಧೆ. 1992ರ ಒಲಿಂಪಿಕ್ಸ್ ಮೇಲೆ ಕಣ್ಣಿಟ್ಟಿದ್ದ. ತಾಯಿ ದಂಡೆ ಮೇಲೆ ನಿಂತು ಗಟ್ಟಿಯಾಗಿ ಕೂಗಿ ಹುರಿದುಂಬಿಸುತ್ತಿದ್ದಳು.

1989ರ ಸೆಪ್ಟೆಂಬರ್‌ನಲ್ಲಿ ಹ್ಯೂಗೊ ಚಂಡಮಾರುತ ಬಂತು. ದ್ವೀಪದಲ್ಲಿ ಒಲಿಂಪಿಕ್ ಅಳತೆಯ ಈಜುಕೊಳ ಇದ್ದದ್ದು ಒಂದೇ. ಅದು ಹಾಳಾಯಿತು. ಸುತ್ತ ಸಮುದ್ರ ಇದೆಯಲ್ಲ, ಅಲ್ಲಿ ಈಜಬಹುದಿತ್ತು ಅಂತ ನಿಮಗೆ ಅನ್ನಿಸಬಹುದು. ತರಬೇತಿ ಕೊಡುವವರಿಗೂ ಹಾಗೇ ಅನ್ನಿಸಿತು. ಆದರೆ ಹುಡುಗನಿಗೆ ಶಾರ್ಕ್ ಅಂದರೆ ಭಯ. ನಮ್ಮ ಕಡೆ ಬಾವಿಯಲ್ಲಿ ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು ಈಜು ಕಲಿತವರಿಗೆ ಈ ಭಯ ಚೆನ್ನಾಗಿ ಅರ್ಥ ಆಗುತ್ತೆ. ಕಟ್ಟೆ ಕಾಣುವ ನೀರು ಬೇರೆ, ತಳ ಕಾಣದ ನೀರು ಬೇರೆ.

ಅದೇ ಹೊತ್ತಿಗೆ ತಾಯಿಗೆ ಸ್ತನ ಕ್ಯಾನ್ಸರ್. 1990ರ ಏಪ್ರಿಲ್ 24ರಂದು, ಅಂದರೆ ಮಗನಿಗೆ 14 ತುಂಬುವ ಹಿಂದಿನ ದಿನ, ತಾಯಿ ತೀರಿಕೊಂಡಳು. ಸಾಯುವ ಮುಂಚೆ ಮಕ್ಕಳಿಂದ ಒಂದು ಮಾತು ತೆಗೆದುಕೊಂಡಿದ್ದಳು. ಏನೇ ಆಗಲಿ, ಕಾಲೇಜು ಮುಗಿಸಿ ಡಿಗ್ರಿ ತಗೋಬೇಕು. ಈ ಮಾತನ್ನು ನೆನಪಿಡಿ, ನಿಮ್ಮ ಎಸ್ಸೆಸ್ಸೆಲ್ಸಿ ಚಿಂತೆಗೆ ಮತ್ತೆ ಬೇಕಾಗುತ್ತೆ. ಹುಡುಗ ಆಮೇಲೆ ಈಜು ಸ್ಪರ್ಧೆಗೆ ಇಳಿಯಲೇ ಇಲ್ಲ.

ಬಾಸ್ಕೆಟ್‌ಬಾಲ್ ಕೈಗೆ ಕೊಟ್ಟದ್ದು ದೊಡ್ಡಕ್ಕನ ಗಂಡ. ಅವರು ಅಮೆರಿಕದ ಒಹಾಯೊದಲ್ಲಿ ಕಾಲೇಜು ತಂಡಕ್ಕೆ ಆಡಿದವರು. ಭಾವನಿಗೆ ಈ ಹುಡುಗ ಇಷ್ಟು ಎತ್ತರ ಬೆಳೀತಾನೆ ಅನ್ನೋ ಅಂದಾಜೇ ಇರಲಿಲ್ಲ. ಹಾಗಾಗಿ ಗಿಡ್ಡ ಆಟಗಾರರಿಗೆ ಹೇಳಿಕೊಡುವ ವಿದ್ಯೆ ಎಲ್ಲ ಹೇಳಿಕೊಟ್ಟರು. ಚೆಂಡು ಪುಟಿಸುವುದು, ಎದುರಾಳಿಗೆ ಮುಖ ಮಾಡಿ ಆಡುವುದು, ದೂರದಿಂದ ಎಸೆಯುವುದು. ಆಮೇಲೆ ಹುಡುಗ ಬೆಳೆದ, ಬೆಳೆದ, 6 ಅಡಿ 11 ಇಂಚಿಗೆ ಹೋಗಿ ನಿಂತ. ಎತ್ತರದವನ ಮೈ, ಗಿಡ್ಡವನ ಕೈಚಳಕ. ಇದು ಯೋಜನೆ ಅಲ್ಲ, ಅಂದಾಜು ತಪ್ಪಿದ್ದರ ಫಲ. ಭಾವ ತೊಡುತ್ತಿದ್ದ ಜೆರ್ಸಿ ಸಂಖ್ಯೆ 21. ಡಂಕನ್ ಕೊನೆಯವರೆಗೂ ಅದೇ ಸಂಖ್ಯೆ ತೊಟ್ಟರು.

ನಮ್ಮ ಕಡೆ ಎತ್ತರದ ಮಗು ಕಂಡರೆ ಮಾಸ್ತರರು ಮೊದಲ ದಿನವೇ ಬುಟ್ಟಿ ಕೆಳಗೆ ನಿಲ್ಲಿಸಿ ಕೈ ಎತ್ತಿಸುತ್ತಾರೆ. ನಾನೂ ಮಾಡಿದ್ದೇನೆ, ಸುಳ್ಳು ಯಾಕೆ. ನಿಮ್ಮ ಮಗಳಿಗೆ ಆ ಪಿ.ಟಿ. ಸರ್ ಡ್ರಿಬ್ಲಿಂಗ್ ಹೇಳಿಕೊಡ್ತಿದ್ದಾರಾ ಅಂತ ಒಂದು ಮಾತು ಕೇಳಿ ನೋಡಿ.

ದ್ವೀಪದಲ್ಲಿ ಒಬ್ಬ ಹುಡುಗ ಎನ್‌ಬಿಎಯ ಹೊಸ ಆಟಗಾರರ ಎದುರೇ ನಿಂತು ಆಡಿದ ಅನ್ನೋ ಸುದ್ದಿ ಉತ್ತರ ಕ್ಯಾರೊಲೈನಾದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಕೋಚ್ ಡೇವ್ ಓಡಮ್ ಕಿವಿಗೆ ಬಿತ್ತು. 1993ರಲ್ಲಿ ಅಲ್ಲಿ ಸೇರಿದ. ಮೊದಲ ಕಾಲೇಜು ಪಂದ್ಯದಲ್ಲಿ ಹೊಡೆದ ಅಂಕ ಎಷ್ಟು ಗೊತ್ತಾ? ಸೊನ್ನೆ. ಮಗಳು ಮೊದಲ ಪಂದ್ಯ ಆಡಿ ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದ ದಿನ ಇದನ್ನು ಹೇಳಿ.

ಎರಡು ವರ್ಷಕ್ಕೆಲ್ಲ ಹುಡುಗ ಎಷ್ಟು ಬೆಳೆದ ಅಂದರೆ, ಈಗ ಬಂದರೆ ಡ್ರಾಫ್ಟ್‌ನಲ್ಲಿ, ಅಂದರೆ ಎನ್‌ಬಿಎ ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಮೊದಲನೆಯವನಾಗಿ ಹೋಗಬಹುದು ಅಂತ ದೊಡ್ಡ ದೊಡ್ಡವರು ಹೇಳಲು ಶುರು ಮಾಡಿದರು. ಆ ಕಾಲ ಹೇಗಿತ್ತು ನೋಡಿ. 1995ರಲ್ಲಿ ಕೆವಿನ್ ಗಾರ್ನೆಟ್, 1996ರಲ್ಲಿ ಕೋಬಿ ಬ್ರಯಂಟ್, ಇಬ್ಬರೂ ಹೈಸ್ಕೂಲಿನಿಂದ ನೇರ ಎನ್‌ಬಿಎಗೆ ಹಾರಿದರು. ಡಂಕನ್ ಕಾಲೇಜು ಬಿಡಲಿಲ್ಲ. ನಾಲ್ಕು ವರ್ಷ ಪೂರ್ತಿ ಓದಿ ಮನಃಶಾಸ್ತ್ರದಲ್ಲಿ ಡಿಗ್ರಿ ತಗೊಂಡ. ತಾಯಿಗೆ ಕೊಟ್ಟ ಮಾತು. ಲೆಕ್ಕ ಬರೆಯುವ ನಿಮಗೆ ಬೇರೆ ಹೇಳಬೇಕಾ, ಆ ಎರಡು ವರ್ಷಕ್ಕೆ ಕೈಬಿಟ್ಟ ದುಡ್ಡು ಎಷ್ಟು ಅಂತ? ಮೊಣಕಾಲು ಒಂದು ಸಲ ತಿರುಚಿದ್ದರೆ ಎಲ್ಲವೂ ಹೋಗುತ್ತಿತ್ತು.

ಕಾಲೇಜಿನಲ್ಲಿದ್ದಾಗ ಇತರರ ಜೊತೆ ಸೇರಿ ಮನಃಶಾಸ್ತ್ರದ ಒಂದು ಪುಸ್ತಕಕ್ಕೆ ಒಂದು ಅಧ್ಯಾಯ ಬರೆದ. ವಿಷಯ ಏನು ಅಂತೀರಿ? ಜಂಬ ಕೊಚ್ಚಿಕೊಳ್ಳುವವರನ್ನು ಕಂಡರೆ ಉಳಿದವರಿಗೆ ಏನನ್ನಿಸುತ್ತೆ ಅನ್ನೋದು! ನನಗೆ ಇದು ತುಂಬಾ ಇಷ್ಟ. ಬುಟ್ಟಿಗೆ ಹಾಕಿ ಸುಮ್ನೆ ವಾಪಸ್ ಓಡ್ತಾನೆ ಅಂದಿರಲ್ಲ, ಆ ಓಟ ಎಲ್ಲಿಂದ ಬಂತು ಅಂತ ಈಗ ಸ್ವಲ್ಪ ಗೊತ್ತಾಗುತ್ತೆ, ಅಲ್ವಾ?

ಇಲ್ಲಿಯವರೆಗೆ ಹುಡುಗ ಅಂದೆ. ಡಿಗ್ರಿ ಬಂತು, ಇನ್ನು ಅವರು ಅನ್ನೋಣ.

1997ರ ಡ್ರಾಫ್ಟ್‌ನಲ್ಲಿ ಸ್ಪರ್ಸ್ ತಂಡ ಡಂಕನ್ ಅವರನ್ನು ಮೊದಲ ಆಯ್ಕೆಯಾಗಿ ಎತ್ತಿಕೊಂಡಿತು. ಅದಕ್ಕೂ ಹಿಂದಿನ ಋತುವಿನಲ್ಲಿ ಆ ತಂಡ 82 ಪಂದ್ಯದಲ್ಲಿ ಗೆದ್ದದ್ದು ಬರೀ 20. ಡೇವಿಡ್ ರಾಬಿನ್ಸನ್ ಅನ್ನೋ ದೊಡ್ಡ ಆಟಗಾರ ಗಾಯದಿಂದ ಹೊರಗೆ ಕೂತಿದ್ದರು. ಮರುವರ್ಷ ರಾಬಿನ್ಸನ್ ಮರಳಿದರು, ಡಂಕನ್ ಬಂದರು, ಗೆಲುವು 56ಕ್ಕೆ ಏರಿತು. 1999ರಲ್ಲಿ ಸ್ಪರ್ಸ್‌ಗೆ ಮೊಟ್ಟಮೊದಲ ಪ್ರಶಸ್ತಿ. ಆಮೇಲೆ 2003, 2005, 2007, 2014. ಒಟ್ಟು ಐದು. 2002 ಮತ್ತು 2003ರಲ್ಲಿ ಇಡೀ ಲೀಗ್‌ನ ಅತ್ಯುತ್ತಮ ಆಟಗಾರ. ಮೂರು ಸಲ ಫೈನಲ್‌ನ ಅತ್ಯುತ್ತಮ ಆಟಗಾರ. 19 ಋತು, ಒಂದೇ ತಂಡ, ಒಬ್ಬರೇ ಕೋಚ್ ಗ್ರೆಗ್ ಪೊಪೊವಿಚ್. 1,392 ಪಂದ್ಯ, 26,496 ಅಂಕ, 15,091 ರಿಬೌಂಡ್, 3,020 ಬ್ಲಾಕ್. ಆ 19 ವರ್ಷದಲ್ಲಿ ಒಂದು ವರ್ಷವೂ ಸ್ಪರ್ಸ್ ಪ್ಲೇಆಫ್ ತಪ್ಪಿಸಿಕೊಳ್ಳಲಿಲ್ಲ. ಅಂಕಿ ಸಾಕು. ಇನ್ನು ಆಟಕ್ಕೆ ಬರೋಣ.

ಬೋರ್ಡಿಗೆ ಬಡಿದು ಹಾಕೋದಕ್ಕೆ ಬ್ಯಾಂಕ್ ಶಾಟ್ ಅಂತಾರೆ. ಕ್ಯಾರಂ ಆಡಿದ್ದೀರಲ್ಲ, ಕಾಯಿಯನ್ನು ಅಂಚಿಗೆ ಹೊಡೆದು ತಿರುಗಿಸಿ ತೂತಿಗೆ ಕಳಿಸುವ ಹಾಗೇ ಇದು. ಬುಟ್ಟಿಯ ರಿಂಗ್ ಮಣ್ಣಿಗೆ ಸಮವಾಗಿ ಮಲಗಿದೆ, 3.05 ಮೀಟರ್ ಮೇಲೆ. ನೇರ ಎಸೆಯುವವನಿಗೆ ದೂರದ ಅಂದಾಜು ಸ್ವಲ್ಪ ಹೆಚ್ಚುಕಮ್ಮಿ ಆದರೂ ಚೆಂಡು ಕಬ್ಬಿಣಕ್ಕೆ ಬಡಿದು ಹೊರಗೆ ಹೋಗುತ್ತೆ. ಬೋರ್ಡ್ ಹಾಗಲ್ಲ. ಗೋಡೆ ಥರ ಎದುರಿಗೇ ನಿಂತಿದೆ. ಅದರ ಮೇಲೆ ಒಂದು ಸಣ್ಣ ಚೌಕ ಬರೆದಿರುತ್ತೆ. ಬುಟ್ಟಿಗೆ ಓರೆಯಾಗಿ, ಸುಮಾರು 45 ಡಿಗ್ರಿ ಕೋನದಲ್ಲಿ ನಿಂತರೆ, ಆ ಚೌಕದ ನಿಮ್ಮ ಕಡೆಯ ಮೇಲಿನ ಮೂಲೆಯೇ ಗುರಿ. ಚೆಂಡು ಅಲ್ಲಿ ಮೆತ್ತಗೆ ತಾಗಿದರೆ ಬೋರ್ಡ್ ಅದರ ವೇಗ ಕುಡಿದುಬಿಡುತ್ತೆ, ಚೆಂಡು ಕೆಳಗಿಳಿದು ಬುಟ್ಟಿಗೆ ಬೀಳುತ್ತೆ. ಸ್ವಲ್ಪ ಜೋರಾದರೂ, ಸ್ವಲ್ಪ ಮೆತ್ತಗಾದರೂ ನಡೆಯುತ್ತೆ. ತಪ್ಪಿಗೆ ಜಾಗ ಜಾಸ್ತಿ, ಅಷ್ಟೇ ಗುಟ್ಟು.

ಡಂಕನ್ ಬಲಗೈ ಆಟಗಾರ. ಬುಟ್ಟಿಯ ಎಡಗಡೆ, ಹತ್ತು ಹನ್ನೆರಡು ಅಡಿ ದೂರದಲ್ಲಿ ಚೆಂಡು ಹಿಡಿದು ಎದುರಾಳಿ ಕಡೆ ತಿರುಗುವರು. ಒಂದು ಕಾಲು ನೆಟ್ಟು, ಇನ್ನೊಂದು ಕಾಲನ್ನು ಒಂದು ಗೇಣು ಮುಂದಿಡುವರು. ಎದುರಿನವ ಒಂದು ಹೆಜ್ಜೆ ಹಿಂದೆ ಸರಿಯುವನು. ಅಷ್ಟು ಜಾಗ ಸಾಕು. ಚೆಂಡು ತಲೆ ಮೇಲಿಂದ ಹೋಗಿ ಚೌಕದ ಮೂಲೆಗೆ ತಾಗುತ್ತಿತ್ತು. ಎಲ್ಲರಿಗೂ ಗೊತ್ತು, ಇವರು ಅದನ್ನೇ ಮಾಡ್ತಾರೆ ಅಂತ. ಗೊತ್ತಿದ್ದೂ ತಡೆಯಲಾಗಲಿಲ್ಲ. ಆ ಕಾಲದ ಇನ್ನೊಬ್ಬ ದೈತ್ಯ ಶಕೀಲ್ ಓ’ನೀಲ್ ಇಟ್ಟ ಹೆಸರು ‘ಬಿಗ್ ಫಂಡಮೆಂಟಲ್’. ಮೂಲ ಪಾಠಗಳ ದೊಡ್ಡಣ್ಣ ಅನ್ನಬಹುದು.

ನಮ್ಮ ಶಾಲೆ ಕೋರ್ಟಿಗೆ ಶಹಾಬಾದ್ ಕಲ್ಲು ಹಾಸಿದ್ದರು. ಸಂದಿ ಮೇಲೆ ಬಿದ್ದರೆ ಚೆಂಡು ಎತ್ತ ಹೋಗುತ್ತೋ ದೇವರಿಗೇ ಗೊತ್ತು. ಬೋರ್ಡ್ ಕಬ್ಬಿಣದ ತಗಡಿನದು. ಚೆಂಡು ತಾಗಿದರೆ ಧಡ್ ಅಂತ ಸದ್ದು, ಹೆಡ್ ಮಾಸ್ತರರ ಕೋಣೆವರೆಗೆ ಕೇಳುತ್ತಿತ್ತು. ಆ 2003ರ ಮಳೆಗಾಲದಲ್ಲಿ ನಾನು ಹುಡುಗರಿಗೆ ಬ್ಯಾಂಕ್ ಶಾಟ್ ಹೇಳಿಕೊಡಲು ಹೋದೆ. ಒಬ್ಬರಿಗೂ ಬೇಡ. ಬೋರ್ಡ್ ಮುಟ್ಟದೆ, ರಿಂಗ್ ಮುಟ್ಟದೆ, ಬಲೆಯನ್ನಷ್ಟೇ ಸವರಿ ಬಿದ್ದರೆ ಮಾತ್ರ ಅವರಿಗೆ ಅದು ಶಾಟ್. ಬಡಿದು ಹಾಕಿದರೆ ‘ಸರ್, ತಪ್ಪಿ ಬಿತ್ತು’ ಅಂತ ನಗುತ್ತಿದ್ದರು. ನಾನು ಒಂದು ಪಂದ್ಯ ಕಟ್ಟಿದೆ. ನೇರ ಶಾಟ್‌ಗೆ ಒಂದು ಅಂಕ, ಬೋರ್ಡಿಗೆ ತಾಗಿ ಬಿದ್ದರೆ ಎರಡು. ಸೋತವರು ಗೆದ್ದವರಿಗೆ ಮಿರ್ಚಿ ಭಜಿ ಕೊಡಿಸಬೇಕು. ಒಂದು ವಾರದಲ್ಲಿ ಹೆಡ್ ಮಾಸ್ತರರು ಕರೆದು, ಏನ್ರಿ ಇದು ದಿನಾ ಧಡಧಡ, ಪಾಠ ಹೇಗೆ ಮಾಡೋದು ಅಂದರು.

ಇನ್ನೊಂದು ಸಣ್ಣ ಸಂಗತಿ. ಬ್ಲಾಕ್ ಮಾಡುವಾಗ ಜಾಸ್ತಿ ಜನ ಚೆಂಡನ್ನು ಗ್ಯಾಲರಿಗೆ ಬಾರಿಸುತ್ತಾರೆ. ಚಪ್ಪಾಳೆ ಬೀಳುತ್ತೆ. ಆದರೆ ಚೆಂಡು ಗೆರೆ ದಾಟಿತಲ್ಲ, ಮತ್ತೆ ಎದುರಾಳಿಗೇ ಸಿಗುತ್ತೆ! ಡಂಕನ್ ಬಾರಿಸುತ್ತಿರಲಿಲ್ಲ, ಮುಟ್ಟುತ್ತಿದ್ದರು. ಚೆಂಡು ಅಲ್ಲೇ ಬೀಳುತ್ತಿತ್ತು, ತಮ್ಮವರಲ್ಲಿ ಒಬ್ಬರು ಎತ್ತಿಕೊಂಡು ಓಡುತ್ತಿದ್ದರು. ನಾನು 2003ರ ಆ ಬೆಳಗ್ಗೆ ಕಾಣದೇ ಹೋದ ಎಂಟು ಬ್ಲಾಕ್ ಇಂಥವೇ ಇರಬೇಕು.

ದೇವರು ಮಾಡಿ ಕೂರಿಸಬೇಡಿ ಅವರನ್ನು. ಫ್ರೀ ಥ್ರೋ ಅಂದರೆ ಎದುರಿಗೆ ಯಾರೂ ಇಲ್ಲದೆ ಗೆರೆ ಮೇಲೆ ನಿಂತು ಎಸೆಯುವುದು. ಅದರಲ್ಲಿ ಅವರ ಲೆಕ್ಕ ನೂರಕ್ಕೆ 70ರ ಒಳಗೇ ಉಳಿಯಿತು. ಮೂಲ ಪಾಠಗಳ ದೊಡ್ಡಣ್ಣನಿಗೆ ಮೊದಲ ಪಾಠವೇ ಕೈಕೊಟ್ಟಿತು ನೋಡಿ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅವರಿದ್ದ ಅಮೆರಿಕ ತಂಡಕ್ಕೆ ಸಿಕ್ಕಿದ್ದು ಕಂಚು. 2007ರಲ್ಲಿ ಒಮ್ಮೆ ಬೆಂಚಿನ ಮೇಲೆ ಕೂತು ನಕ್ಕದ್ದಕ್ಕೇ ರೆಫರಿ ಅವರನ್ನು ಹೊರಗೆ ಹಾಕಿದರು. ಡಂಕನ್‌ಗೆ 25 ಸಾವಿರ ಡಾಲರ್ ದಂಡ, ರೆಫರಿಗೆ ಆ ಋತು ಮುಗಿಯುವವರೆಗೆ ಮನೆ. ಮುಖದಲ್ಲಿ ಭಾವನೆಯೇ ಇಲ್ಲ ಅಂತ ಬೈಸಿಕೊಂಡ ಮನುಷ್ಯ ನಕ್ಕು ಸಿಕ್ಕಿಬಿದ್ದದ್ದು!

ಭಾವನೆ ಇಲ್ಲ ಅನ್ನೋದು ಸುಳ್ಳು. 2013ರ ಫೈನಲ್ ವಿಡಿಯೊ ಹುಡುಕಿ. ಮಯಾಮಿ ಹೀಟ್ ಎದುರಾಳಿ. ಆರನೇ ಪಂದ್ಯದಲ್ಲಿ ಅರ್ಧ ನಿಮಿಷವೂ ಉಳಿದಿಲ್ಲ, ಸ್ಪರ್ಸ್ 5 ಅಂಕ ಮುಂದೆ. ಕಪ್ ಕೊಡಲು ಕೋರ್ಟ್ ಸುತ್ತ ಹಳದಿ ಹಗ್ಗ ಕೂಡ ತಂದಿದ್ದರು. ಅಂತರ ಮೂರಕ್ಕೆ ಇಳಿಯಿತು. ಆಗ ಹೀಟ್‌ನ ರೇ ಅಲೆನ್ ಮೂಲೆಯಿಂದ ಮೂರು ಅಂಕದ ಶಾಟ್ ಹಾಕಿ ಸಮ ಮಾಡಿದರು, ಹೆಚ್ಚುವರಿ ಆಟದಲ್ಲಿ ಹೀಟ್ ಗೆದ್ದಿತು. ಆ ಗಳಿಗೆಯಲ್ಲಿ ಡಂಕನ್ ಬೆಂಚಿನಲ್ಲಿದ್ದರು, ಕೋಚ್ ಕೂರಿಸಿದ್ದರು. ಆ ಪಂದ್ಯದಲ್ಲಿ ಅವರು ಹೊಡೆದದ್ದು 30 ಅಂಕ. ಏಳನೇ ಪಂದ್ಯ. ಕೊನೆಯ ನಿಮಿಷ, ಎರಡೇ ಅಂಕ ಹಿಂದೆ. ಬುಟ್ಟಿ ಹತ್ತಿರ ಡಂಕನ್ ಕೈಗೆ ಚೆಂಡು ಬಂತು. ಎದುರಿಗೆ ತಮಗಿಂತ ಗಿಡ್ಡ ಆಟಗಾರ. ಸಾವಿರ ಸಲ ಹಾಕಿದ ಶಾಟ್. ತಪ್ಪಿತು. ಮರಳಿ ಬಂದ ಚೆಂಡನ್ನು ಮತ್ತೆ ತಟ್ಟಿದರು, ಅದೂ ತಪ್ಪಿತು. ಹಿಂದಕ್ಕೆ ಓಡಿ ಬಂದು, ಬಗ್ಗಿ, ಎರಡೂ ಅಂಗೈಯಿಂದ ನೆಲಕ್ಕೆ ಬಡಿದರು. ಆಗ ಅವರಿಗೆ 37. ಮುಗಿಯಿತು ಇವರ ಕಥೆ ಅಂದುಕೊಂಡೆ.

ಮರುವರ್ಷ ಮತ್ತೆ ಫೈನಲ್, ಮತ್ತೆ ಅದೇ ಹೀಟ್. ಎಂದೂ ದೊಡ್ಡ ಮಾತು ಆಡದವರು ಈ ಸಲ ಗೆದ್ದೇ ಗೆಲ್ತೀವಿ ಅಂತ ಬಾಯಿ ಬಿಟ್ಟು ಹೇಳಿದರು. ಐದೇ ಪಂದ್ಯದಲ್ಲಿ ಮುಗಿಸಿದರು. ಆ 2014ರ ತಂಡದ ಪಾಸ್‌ಗಳನ್ನು ನೋಡಿಯೇ ಆನಂದಿಸಬೇಕು. ಫ್ರಾನ್ಸ್‌ನ ಟೋನಿ ಪಾರ್ಕರ್, ಅರ್ಜೆಂಟೀನಾದ ಮನು ಜಿನೋಬಿಲಿ, ನಮ್ಮ ಡಂಕನ್. ಚೆಂಡು ಯಾರ ಕೈಯಲ್ಲೂ ನಿಲ್ಲುತ್ತಿರಲಿಲ್ಲ.

ತಂಡಕ್ಕೆ ಅವರು ಏನು ಕೊಟ್ಟರು ಅನ್ನೋದಕ್ಕೆ ಎರಡು ಮಾತು. ಪೊಪೊವಿಚ್ ಎಲ್ಲರ ಎದುರು ಡಂಕನ್‌ಗೆ ಬೈಯುತ್ತಿದ್ದರು, ಇವರು ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದರು. ಅತ್ಯುತ್ತಮ ಆಟಗಾರನೇ ಬೈಸಿಕೊಂಡರೆ ಹನ್ನೆರಡನೆಯವನು ಏನು ತಕರಾರು ಮಾಡ್ತಾನೆ? ಇನ್ನೊಂದು ದುಡ್ಡಿನದು. 2012ರಲ್ಲಿ ಹೊಸ ಕರಾರು ಬರೆಯುವಾಗ ವರ್ಷಕ್ಕೆ 2 ಕೋಟಿ ಡಾಲರ್ ದಾಟಿದ್ದ ಸಂಬಳ 1 ಕೋಟಿ ಡಾಲರ್‌ಗಿಂತ ಕೆಳಗೆ ಇಳಿಯಲು ಒಪ್ಪಿದರು. ಎನ್‌ಬಿಎಯಲ್ಲಿ ತಂಡದ ಒಟ್ಟು ಸಂಬಳಕ್ಕೆ ಮಿತಿ ಇದೆ. ಒಬ್ಬರು ಕಡಿಮೆ ತಗೊಂಡರೆ ಉಳಿದವರನ್ನು ಇಟ್ಟುಕೊಳ್ಳಬಹುದು. 2014ರ ಕಪ್ಪಿನಲ್ಲಿ ಆ ಕಡಿತದ ಪಾಲೂ ಇದೆ ಅನ್ನೋದು ನನ್ನ ಅಭಿಪ್ರಾಯ.

ಆದರೆ ತಮ್ಮ ಸ್ವಂತ ದುಡ್ಡಿನ ವಿಷಯದಲ್ಲಿ ಅವರು ಮೋಸ ಹೋದರು. ಹಲವು ವರ್ಷ ನಂಬಿದ್ದ ಹಣಕಾಸು ಸಲಹೆಗಾರನೇ ಕೈಕೊಟ್ಟಿದ್ದ. 2013ರ ಸುಮಾರಿಗೆ ಲೆಕ್ಕ ಬಿಚ್ಚಿದಾಗ ಬಯಲಾಯಿತು. ಡಂಕನ್ ಕೋರ್ಟಿಗೆ ಹೋದರು. 2017ರಲ್ಲಿ ಆತನಿಗೆ ನಾಲ್ಕು ವರ್ಷ ಜೈಲು. ತಾವು ನಾಚಿಕೆ ಪಟ್ಟು ಸುಮ್ಮನಿದ್ದರೆ ಬೇರೆಯವರೂ ಮೋಸ ಹೋಗ್ತಾರೆ ಅಂತ ಬಾಯಿ ಬಿಟ್ಟರು. ಲೆಕ್ಕದ ಪುಸ್ತಕ ಇನ್ನೊಬ್ಬರ ಕೈಗೆ ಕೊಟ್ಟು ತೆರೆದೇ ನೋಡದಿದ್ದರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಈಗ ಹೆಸರು ಯಾಕೆ ಕೇಳಿಲ್ಲ ಅನ್ನೋದು. 2016 ನೋಡಿ. ಕೋಬಿ ಆ ವರ್ಷ ನಿವೃತ್ತಿ ಮೊದಲೇ ಹೇಳಿದ್ದರು. ಹೋದ ಊರಲ್ಲೆಲ್ಲ ಸನ್ಮಾನ, ಉಡುಗೊರೆ. ಏಪ್ರಿಲ್ 13ರ ಕೊನೆಯ ಪಂದ್ಯದಲ್ಲಿ 60 ಅಂಕ ಹೊಡೆದು, ಮೈಕ್ ಹಿಡಿದು ಮಾತಾಡಿ ಹೋದರು. ಅದೂ ಒಂದು ಚಂದ, ನಾನು ಅಲ್ಲಗಳೆಯೋದಿಲ್ಲ. ಡಂಕನ್ ಅದೇ ವರ್ಷ ಜುಲೈ 11ರಂದು ಬಿಟ್ಟರು. ತಂಡ ಒಂದು ಪ್ರಕಟಣೆ ಕಳಿಸಿತು. ಪತ್ರಿಕಾಗೋಷ್ಠಿ ಇಲ್ಲ, ಬೀಳ್ಕೊಡುಗೆ ಪ್ರವಾಸ ಇಲ್ಲ. ನಮ್ಮಲ್ಲಿ ಜವಾನ ನಿವೃತ್ತಿ ಆದರೂ ಶಾಲು, ಹಾರ, ಫೋಟೊ ಇರುತ್ತೆ! ಸ್ಯಾನ್ ಆಂಟೋನಿಯೊ ನ್ಯೂಯಾರ್ಕ್, ಲಾಸ್ ಏಂಜಲೀಸ್ ಥರ ಟಿವಿಯವರ ಊರೂ ಅಲ್ಲ. ಹೀಗಿದ್ದಾಗ ಕಲಬುರಗಿವರೆಗೆ ಹೆಸರು ಬರೋದು ಹೇಗೆ? ಆದರೆ ಆಟ ಬಲ್ಲವರು ಮರೆಯಲಿಲ್ಲ. ಹೈಸ್ಕೂಲಿನಿಂದ ಹಾರಿದ ಗಾರ್ನೆಟ್, ಕೋಬಿ, ಡಿಗ್ರಿ ಮುಗಿಸಿ ಬಂದ ಡಂಕನ್, ಮೂವರೂ 2020ರ ಒಂದೇ ಪಟ್ಟಿಯಲ್ಲಿ ಬಾಸ್ಕೆಟ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಅಷ್ಟರಲ್ಲಿ ಕೋಬಿ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡಿದ್ದರು.

ಆಮೇಲೆ ಏನು ಮಾಡಿದರು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸ್ಯಾನ್ ಆಂಟೋನಿಯೊದಲ್ಲೇ ಕಾರುಗಳನ್ನು ಬೇಕಾದ ಹಾಗೆ ಮಾರ್ಪಡಿಸಿಕೊಡುವ ಒಂದು ಗ್ಯಾರೇಜ್ ಆಡುತ್ತಿದ್ದಾಗಲೇ ಇಟ್ಟಿದ್ದರು. 2017ರ ಸೆಪ್ಟೆಂಬರ್‌ನಲ್ಲಿ ಅವರ ದ್ವೀಪಗಳಿಗೆ ಇರ್ಮಾ, ಮರಿಯಾ ಅನ್ನೋ ಎರಡು ಚಂಡಮಾರುತ ಬೆನ್ನು ಬೆನ್ನಿಗೆ ಅಪ್ಪಳಿಸಿದವು. ಹ್ಯೂಗೊ ನೋಡಿದ್ದ ಹುಡುಗ ಈಗ 41ರ ಗಂಡಸು. ಸ್ವಂತ ದುಡ್ಡು ಹಾಕಿದರು, ಎಂದೂ ಏನೂ ಕೇಳದವರು ಜನರ ಹತ್ತಿರ ಬಹಿರಂಗವಾಗಿ ಹಣ ಕೇಳಿದರು, ಆಹಾರ ಸಾಮಾನು ಹೊತ್ತುಕೊಂಡು ತಾವೇ ಹೋದರು. 2019-20ರಲ್ಲಿ ಒಂದು ಋತು ಪೊಪೊವಿಚ್ ಕೈಕೆಳಗೆ ಸಹಾಯಕ ಕೋಚ್. ಮಾರ್ಚ್‌ನಲ್ಲಿ ಗುರು ಒಂದು ಪಂದ್ಯಕ್ಕೆ ಬರಲಾಗದಾಗ ಇವರೇ ತಂಡ ನಡೆಸಿದರು. ಒಂದು ಅಂಕದಿಂದ ಗೆದ್ದರು, ಅಲ್ಲಿಗೆ ನಿಲ್ಲಿಸಿದರು.

ಈಗ ನಿಮ್ಮ ಮಗಳು. 14 ತಡ ಅಲ್ಲ. ಡಂಕನ್ ಅಷ್ಟೇ ಅಲ್ಲ, ನೈಜೀರಿಯಾದ ಹಕೀಮ್ ಒಲಾಜುವಾನ್ ಕೂಡ ಹದಿಹರೆಯದಲ್ಲಿ ಬಂದವರೇ, ಅದಕ್ಕೆ ಮುಂಚೆ ಫುಟ್‌ಬಾಲ್, ಹ್ಯಾಂಡ್‌ಬಾಲ್ ಆಡುತ್ತಿದ್ದರು. ನಾನು ಮೊದಲು ಹೇಳಿದ ಬಾಬತ್ತು ಇದೇ. ಇವರು ತಡವಾಗಿ ಬಂದರು, ಆದರೆ ಬರಿಗೈಯಲ್ಲಿ ಬರಲಿಲ್ಲ. ಡಂಕನ್ ವರ್ಷಗಟ್ಟಲೆ ಈಜಿ ಶ್ವಾಸ, ಭುಜ, ಶಿಸ್ತು ಕಟ್ಟಿಕೊಂಡಿದ್ದರು. ನಿಮ್ಮ ಮಗಳು ಖೋ ಖೋ ತಂದಿದ್ದಾಳೆ. ಅದು ಸಣ್ಣದಲ್ಲ ರೀ! ಬಗ್ಗಿ ಓಡುವುದು, ಕ್ಷಣದಲ್ಲಿ ದಿಕ್ಕು ಬದಲಿಸುವುದು, ಎದುರಿನವಳ ಸೊಂಟ ನೋಡಿ ಎತ್ತ ಹೋಗ್ತಾಳೆ ಅಂತ ಹಿಡಿಯುವುದು. ಬಾಸ್ಕೆಟ್‌ಬಾಲ್‌ನಲ್ಲಿ ಡಿಫೆನ್ಸ್ ಅಂದರೆ ಮುಕ್ಕಾಲು ಪಾಲು ಇದೇ. ಖೋ ಖೋ ಬಿಡಿಸಬೇಡಿ, ವಾರಕ್ಕೆ ಒಂದು ದಿನವಾದರೂ ಆಡಲಿ.

ಓದಿನ ಬಗ್ಗೆ ಮನೆಯವರಿಗೆ ಡಂಕನ್ ತಾಯಿಯ ಮಾತನ್ನು ಹೇಳಿ. ಆಕೆ ಆಟ ಬಿಡು ಅನ್ನಲಿಲ್ಲ, ಓದು ಮುಗಿಸು ಅಂದಳು. ಸಂಜೆ ಒಂದು ಗಂಟೆ ಸಾಕು ಈಗ. ಪರೀಕ್ಷೆಯ ಮುಂಚಿನ ಎರಡು ತಿಂಗಳು ಅದನ್ನೂ ಅರ್ಧ ಮಾಡಿ, ಪೂರ್ತಿ ನಿಲ್ಲಿಸಬೇಡಿ. ಏಪ್ರಿಲ್, ಮೇನಲ್ಲಿ ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ, ಏಳು ಗಂಟೆಯೊಳಗೆ ಬೆಳಗಿನ ಅಭ್ಯಾಸ ಮುಗಿಯಲಿ. ಶಾಲೆಯಲ್ಲಿ ಎಲ್ಲರಿಗೂ ಒಂದೇ 7ನೇ ಸೈಜಿನ ಚೆಂಡು ಇದ್ದರೆ, ಅದು ಗಂಡಸರದು. ಹೆಣ್ಣುಮಕ್ಕಳದು 6ನೇ ಸೈಜು. ಅದೊಂದನ್ನು ಕೊಡಿಸಿ. ದುಬಾರಿ ಶೂ ಆಮೇಲೆ.

ಮತ್ತೆ ಆ ಬೋರ್ಡ್. ಬಹಳ ಶಾಲೆಗಳಲ್ಲಿ ಅದರ ಮೇಲಿನ ಚೌಕ ಬಿಸಿಲಿಗೆ ಅಳಿಸಿ ಹೋಗಿರುತ್ತೆ. ಗುರಿಯೇ ಇಲ್ಲದೆ ಮಗು ಎಲ್ಲಿಗೆ ಹೊಡೀಬೇಕು? ಒಂದು ಭಾನುವಾರ ಪಿ.ಟಿ. ಸರ್‌ಗೆ ಕೇಳಿ ನೀವೇ ಬರೆದುಬಿಡಿ. ಒಂದು ಸಣ್ಣ ಡಬ್ಬಿ ಆಯಿಲ್ ಪೇಂಟ್, ಒಂದು ಏಣಿ, ಎರಡಿಂಚಿನ ಬ್ರಷ್. ಬ್ರಷ್‌ನ ಅಗಲವೇ ಗೆರೆಯ ಅಗಲ, 5 ಸೆಂಟಿಮೀಟರ್. ಚೌಕ 59 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಎತ್ತರ. ಕೆಳಗಿನ ಗೆರೆಯ ಮೇಲಂಚು ರಿಂಗ್‌ಗೆ ಸಮ ಇರಲಿ. ಬಿಳಿ ಬೋರ್ಡಿಗೆ ಕಪ್ಪು ಬಣ್ಣ. ಒಣಗಲು ಒಂದು ದಿನ ಬಿಡಿ. ಆಮೇಲೆ ಮಗಳು ಎಡಗಡೆ, ಐದಾರು ಅಡಿ ದೂರದಿಂದ ಶುರು ಮಾಡಲಿ.